ಮಂಗಳದವರು ಬಂದಾಗ ಪಾದ್ರಿಗೆ ಏನಾಯ್ತು?

[ಪರದೆ ಕಪ್ಪು. ಕಲ್ಲಿದ್ದಲಿನ ಒಂದು ತುಂಡು ಮಾತ್ರ ಕಾಣುತ್ತದೆ.]

ಅರ್ಧ ಕುಸಿದ ಮನೆ. ಒಳಗೆ ಇಬ್ಬರು. ಒಬ್ಬ ನಮಗೆ ಕಥೆ ಹೇಳುವವನು, ಇನ್ನೊಬ್ಬ ಪಾದ್ರಿ. ಗೋಡೆಯಾಚೆ, ಗುಂಡಿಯೊಳಗೆ, ಮಂಗಳ ಗ್ರಹದಿಂದ ಬಂದವರು. ಜೋರಾಗಿ ಕೆಮ್ಮಿದರೂ ಕಥೆ ಮುಗೀತು. ಅಂಥ ಹೊತ್ತಿನಲ್ಲಿ ಪಾದ್ರಿ ಅಳುತ್ತಾನೆ, ಉಳಿದ ಊಟಕ್ಕೆ ಕೈ ಹಾಕುತ್ತಾನೆ, ಕೊನೆಗೆ ಕೂಗಾಡಲು ಶುರು ಮಾಡುತ್ತಾನೆ. ನಮ್ಮ ನಾಯಕ ಗೋಡೆಗೆ ನೇತುಹಾಕಿದ್ದ ಮಾಂಸ ಕಡಿಯುವ ಮಚ್ಚಿಗೆ ಕೈ ಹಾಕುತ್ತಾನೆ. ಕೊನೇ ಕ್ಷಣದಲ್ಲಿ ಅಲಗನ್ನು ಹಿಂದಕ್ಕೆ ತಿರುಗಿಸಿ, ಹಿಂಬದಿಯಿಂದ ಬಾರಿಸುತ್ತಾನೆ.

ಪಾದ್ರಿ ಬೀಳುತ್ತಾನೆ. ಗೋಡೆಯ ಬಿರುಕಿನಿಂದ ಒಂದು ಉದ್ದನೆಯ ಲೋಹದ ತೋಳು ತೂರಿ ಬಂದು ಅವನನ್ನು ಎಳೆದುಕೊಂಡು ಹೋಗುತ್ತದೆ. ನಾಯಕ ಕಲ್ಲಿದ್ದಲು ತುಂಬಿದ ಕೋಣೆಯಲ್ಲಿ ಅವಿತುಕೊಂಡಿದ್ದಾನೆ. ತೋಳು ಅಲ್ಲಿಗೂ ಬಂತು. ಅವನ ಬೂಟಿನ ಹಿಮ್ಮಡಿ ಮುಟ್ಟಿತು. ಆಮೇಲೆ ಒಂದು ತುಂಡು ಕಲ್ಲಿದ್ದಲು ಎತ್ತಿಕೊಂಡು ಹೊರಟುಹೋಯ್ತು. ಪರೀಕ್ಷೆ ಮಾಡೋಕೆ ಇರಬೇಕು!

ಇದು 1898ರಲ್ಲಿ ಪುಸ್ತಕವಾಗಿ ಬಂದ ಹೆಚ್. ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’. ಇದನ್ನು ತೆರೆಗೆ ತಂದವರನ್ನು ಹೋಲಿಸುವಾಗ ಎಲ್ಲರೂ ಮಂಗಳದವರ ಯುದ್ಧಯಂತ್ರಗಳ ಬಗ್ಗೆಯೇ ಮಾತಾಡುತ್ತಾರೆ. ಮೂರು ಕಾಲು ಇದೆಯಾ, ಇಲ್ವಾ, ಗ್ರಾಫಿಕ್ಸ್ ಹೇಗಿದೆ. ನಾನು ಮಾತ್ರ ಒಂದೇ ಪ್ರಶ್ನೆ ಹಿಡಿದು ನೋಡುತ್ತೇನೆ. ಈ ಪಾದ್ರಿಯನ್ನು ಏನು ಮಾಡಿದರು?

[ಪರದೆ ಮೇಲೆ: 1953]

ಜಾರ್ಜ್ ಪಾಲ್ ನಿರ್ಮಾಣ, ಬೈರನ್ ಹ್ಯಾಸ್ಕಿನ್ ನಿರ್ದೇಶನ. ಕಥೆ ಇಂಗ್ಲೆಂಡಿನಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಬಂತು. ಇಲ್ಲಿನ ಪಾದ್ರಿಯ ಹೆಸರು ಕಾಲಿನ್ಸ್, ನಾಯಕಿಯ ಚಿಕ್ಕಪ್ಪ. ಹೆದರುಪುಕ್ಕಲ ಅಲ್ಲವೇ ಅಲ್ಲ. ಸೈನಿಕರೆಲ್ಲ ಬಂದೂಕು ಹಿಡಿದು ಕಾಯುತ್ತಿರುವಾಗ ಈತ ಬೈಬಲ್ ಎತ್ತಿ ಹಿಡಿದು, ಪ್ರಾರ್ಥನೆ ಹೇಳುತ್ತಾ, ಒಬ್ಬನೇ ಯಂತ್ರದ ಕಡೆಗೆ ನಡೆಯುತ್ತಾನೆ. ಹಾವಿನ ಹೆಡೆಯಂಥ ಕತ್ತು ನಿಧಾನಕ್ಕೆ ಅವನ ಕಡೆ ಬಾಗುತ್ತದೆ. ಆಮೇಲೆ ಬೆಂಕಿ.

ಇವತ್ತಿಗೂ ಮೈ ಜುಮ್ಮೆನ್ನುವ ದೃಶ್ಯ, ಸುಳ್ಳು ಹೇಳಲ್ಲ. ತಂತಿಯಲ್ಲಿ ನೇತುಹಾಕಿದ ಮಾದರಿ ಯಂತ್ರ ಅಂತ ಗೊತ್ತಿದ್ದರೂ ಭಯ ಆಗುತ್ತದೆ. ವಿಶೇಷ ದೃಶ್ಯಗಳಿಗೆ ಆಸ್ಕರ್ ಸುಮ್ನೆ ಬರಲಿಲ್ಲ. ಆದರೆ ಪುಸ್ತಕ ಪೂರ್ತಿ ತಲೆಕೆಳಗಾಯ್ತು ನೋಡಿ. ವೆಲ್ಸ್ ಕಥೆಯಲ್ಲಿ ನಂಬಿಕೆ ಮುರಿದು ಬಿದ್ದ ಮನುಷ್ಯ, ಇಲ್ಲಿ ಹುತಾತ್ಮ. ಕೊನೆಗೆ ಅಣುಬಾಂಬ್ ಕೂಡ ಕೆಲಸ ಮಾಡದೆ, ಜನ ಚರ್ಚಿನಲ್ಲಿ ಸೇರಿ ಪ್ರಾರ್ಥಿಸುವಾಗಲೇ ಯಂತ್ರಗಳು ಉರುಳುತ್ತವೆ. ಕೊಂದಿದ್ದು ಬ್ಯಾಕ್ಟೀರಿಯಾ, ಪುಸ್ತಕದಲ್ಲೂ ಅದೇ. ದೇವರು ಭೂಮಿಯಲ್ಲಿಟ್ಟ ಪುಟ್ಟ ಜೀವಿಗಳು ಅನ್ನೋ ಮಾತು ಪುಸ್ತಕದಲ್ಲೂ ಇದೆ. ಆದರೆ ಅಲ್ಲಿ ಅದು ಬಂದು ಹೋಗುವ ಒಂದು ಸಾಲು. ಇಲ್ಲಿ ಹಿಂದೆ ಚರ್ಚ್ ನಿಂತಿದೆ, ಹಾಗಾಗಿ ಪವಾಡವಾಯ್ತು.

ಇನ್ನೊಂದು ವಿಷಯ. ಮನೆಯೊಳಗೆ ಅವಿತುಕೊಳ್ಳುವ ದೃಶ್ಯ ಇಲ್ಲೂ ಇದೆ. ಆದರೆ ಒಳಗೆ ಇರೋದು ನಾಯಕ, ನಾಯಕಿ. ತೂರಿ ಬರುವ ಯಂತ್ರದ ಕಣ್ಣನ್ನು ನಾಯಕ ಕೊಡಲಿಯಿಂದ ಕಡಿದು ಹಾಕುತ್ತಾನೆ. ಆಯುಧ ಈಗ ಶತ್ರುವಿನ ಮೇಲೆ. ನಾಯಕನ ಕೈ ಶುದ್ಧ!

[ಪರದೆ ಮೇಲೆ: 2005]

ಸ್ಟೀವನ್ ಸ್ಪೀಲ್‌ಬರ್ಗ್ ಚಿತ್ರದಲ್ಲಿ ಪಾದ್ರಿಯೇ ಇಲ್ಲ. ಹಾಗಂತ ಬಿಟ್ಟುಬಿಟ್ಟರು ಅಂದ್ಕೋಬೇಡಿ. ಪುಸ್ತಕದಲ್ಲಿ ದೊಡ್ಡ ದೊಡ್ಡ ಮಾತಾಡುವ ಒಬ್ಬ ಸೈನಿಕನಿದ್ದಾನೆ, ನೆಲದಡಿ ಹೊಸ ಲೋಕ ಕಟ್ಟೋಣ ಅನ್ನುವವನು. ಅವನನ್ನೂ ಪಾದ್ರಿಯನ್ನೂ ಸೇರಿಸಿ ಒಬ್ಬನನ್ನು ಮಾಡಿದರು. ಹೆಸರು ಒಗಿಲ್ವಿ. ಅದನ್ನೂ ಪುಸ್ತಕದ ಒಬ್ಬ ಖಗೋಳ ವಿಜ್ಞಾನಿಯಿಂದ ಎತ್ತಿಕೊಂಡಿದ್ದು.

ನೆಲಮಾಳಿಗೆಯಲ್ಲಿ ಒಗಿಲ್ವಿ ಹತೋಟಿ ತಪ್ಪುತ್ತಾನೆ. ಟಾಮ್ ಕ್ರೂಸ್ ಪಾತ್ರ ಮಗಳ ಕಣ್ಣಿಗೆ ಬಟ್ಟೆ ಕಟ್ಟುತ್ತದೆ, ಹಾಡು ಹೇಳ್ಕೋ ಅನ್ನುತ್ತದೆ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ. ಕ್ಯಾಮೆರಾ ಒಳಗೆ ಹೋಗಲ್ಲ, ಹುಡುಗಿಯ ಮುಖದ ಮೇಲೇ ನಿಲ್ಲುತ್ತದೆ. ನನ್ನ ಪ್ರಕಾರ ವೆಲ್ಸ್‌ಗೆ ಅತಿ ಹತ್ತಿರ ಬಂದ ದೃಶ್ಯ ಇದೇ. ಬೇಕಾದರೆ ಇನ್ನೂ ಕೆಟ್ಟದ್ದು ಅನ್ನಬಹುದು. ಅಲ್ಲಿ ಕ್ಷಣದ ಸಿಟ್ಟಿನ ಒಂದು ಏಟು. ಇಲ್ಲಿ ನಿಧಾನಕ್ಕೆ ಯೋಚಿಸಿ ಮಾಡಿದ ಕೊಲೆ.

ಈ ಚಿತ್ರದಲ್ಲಿ ಬಂದವರು ಮಂಗಳದವರು ಅಂತ ಎಲ್ಲೂ ಹೇಳುವುದಿಲ್ಲ. ಯಂತ್ರಗಳನ್ನು ಮೊದಲೇ ನೆಲದಡಿ ಹೂತಿಟ್ಟಿದ್ದರಂತೆ. ನನಗಂತೂ ಇದು ಗಂಟಲಲ್ಲಿ ಇಳಿಯಲಿಲ್ಲ. ಅಷ್ಟು ವರ್ಷ ಅಗೆದ ಒಬ್ಬರ ಕಣ್ಣಿಗೂ ಬೀಳಲಿಲ್ವಾ?

2019ರ ಬಿಬಿಸಿ ಸರಣಿ, ಮೂರೇ ಕಂತು. ಕಥೆಯನ್ನು ಇಂಗ್ಲೆಂಡಿಗೆ ವಾಪಸ್ ತಂದರು, ಕಾಲ ಮಾತ್ರ ಸ್ವಲ್ಪ ಮುಂದೆ, ಇಪ್ಪತ್ತನೇ ಶತಮಾನದ ಶುರು. ಪುಸ್ತಕದಲ್ಲಿ ಹೆಸರೂ ಇಲ್ಲದ ಹೆಂಗಸನ್ನು ಎಮಿ ಅಂತ ಕರೆದು ಕಥೆಯ ನಡುವೆ ನಿಲ್ಲಿಸಿದ್ದು ಒಳ್ಳೆಯ ಕೆಲಸ. ಉಳಿದಂತೆ ಎಳೆತ ಜಾಸ್ತಿ.

[ಪರದೆ ಮೇಲೆ: ಪುಸ್ತಕದ ಮೊದಲ ಅಧ್ಯಾಯ]

ಮಚ್ಚಿನ ಏಟು ಯಾಕೆ ಅಷ್ಟು ಮುಖ್ಯ? ಮೊದಲ ಅಧ್ಯಾಯಕ್ಕೇ ಹೋಗಿ. ಮಂಗಳದವರನ್ನು ಬೈಯುವ ಮುಂಚೆ ನಾವು ಏನು ಮಾಡಿದ್ದೇವೆ ನೆನಪಿಸಿಕೊಳ್ಳಿ ಅನ್ನುತ್ತಾರೆ ವೆಲ್ಸ್. ಡೋಡೋ ಹಕ್ಕಿ, ಕಾಡೆಮ್ಮೆ, ಆಮೇಲೆ ಟಾಸ್ಮೇನಿಯಾದ ಮೂಲನಿವಾಸಿಗಳು. ಬ್ರಿಟಿಷ್ ಸಾಮ್ರಾಜ್ಯ ಉಚ್ಛ್ರಾಯದಲ್ಲಿದ್ದಾಗ ಅದರ ಓದುಗರಿಗೇ ಕೊಟ್ಟ ಏಟು ಇದು. ಹೊರಗೆ ಮಂಗಳದವರು ಮಾಡುವುದನ್ನೇ ಒಳಗೆ ಕೋಣೆಯಲ್ಲಿ ನಮ್ಮ ನಾಯಕನೂ ಮಾಡುತ್ತಾನೆ. ಬದುಕಲು ಅಡ್ಡಿಯಾದವನನ್ನು ಮುಗಿಸುತ್ತಾನೆ. ಸ್ಪೀಲ್‌ಬರ್ಗ್ ಚಿತ್ರದ ಶುರುವಿನಲ್ಲಿ ಮಾರ್ಗನ್ ಫ್ರೀಮನ್ ಅದೇ ಅಧ್ಯಾಯದ ಸಾಲುಗಳನ್ನು ಚೂರು ಬದಲಿಸಿ ಓದುತ್ತಾರೆ. ಎಷ್ಟು ಚೆಂದದ ದನಿ! ಟಾಸ್ಮೇನಿಯಾ ಬರುವ ಮೊದಲೇ ನಿಲ್ಲಿಸಿಬಿಡುತ್ತಾರೆ.

[ಪರದೆ ಮೇಲೆ: ಬಾಸ್ಟನ್, ಕೊನೇ ದೃಶ್ಯ]

ಅದೇ ಚಿತ್ರದ ಕೊನೆಯಲ್ಲಿ ಒಂದು ಮನೆ ಬಾಗಿಲು ತೆರೆಯುತ್ತದೆ. ಅಜ್ಜ, ಅಜ್ಜಿ ಹೊರಗೆ ಬರುತ್ತಾರೆ. ಮುಂದಿನ ಸಲ ನೋಡುವಾಗ ಅಲ್ಲಿ ಒಮ್ಮೆ ನಿಲ್ಲಿಸಿ, ಮುಖ ಗಮನಿಸಿ. ಜೀನ್ ಬ್ಯಾರಿ, ಆ್ಯನ್ ರಾಬಿನ್ಸನ್. 1953ರ ನಾಯಕ, ನಾಯಕಿ. ಎದುರಿಗೆ ನಿಂತವನು ನೆಲಮಾಳಿಗೆಯ ಆ ಬಾಗಿಲ ಹಿಂದೆ ಏನು ಮಾಡಿ ಬಂದಿದ್ದಾನೆ ಅಂತ ಇವರಿಬ್ಬರಿಗೂ ಗೊತ್ತಿಲ್ಲ.