ಡ್ಯಾರಿ ಅಳುವ ಅಧ್ಯಾಯ

ನಮಸ್ಕಾರ. ಕಳೆದ ಜೂನ್ 19ಕ್ಕೆ ನಮ್ಮ ಶಾಲೆಯಲ್ಲಿ ವಾಚನಾ ದಿನ ಇತ್ತು. ಕೇರಳದಲ್ಲಿ ಓದುವ ಮಕ್ಕಳಿಗೆಲ್ಲ ಈ ದಿನ ಗೊತ್ತು. ಊರೂರಲ್ಲಿ ಗ್ರಂಥಾಲಯ ಆಗಬೇಕು ಅಂತ ಓಡಾಡಿದ ಪಿ. ಎನ್. ಪಣಿಕ್ಕರ್ ಅವರು ತೀರಿಕೊಂಡ ದಿನ ಅದು. ಇಷ್ಟವಾದ ಪುಸ್ತಕದ ಬಗ್ಗೆ ಐದು ನಿಮಿಷ ಮಾತಾಡಬೇಕಿತ್ತು. ನಾನು 'ದಿ ಔಟ್‌ಸೈಡರ್ಸ್' ಅನ್ನುವ ಇಂಗ್ಲಿಷ್ ಕಾದಂಬರಿಯ ಬಗ್ಗೆ ಮಾತಾಡಿದೆ. ವೇದಿಕೆ ಇಳಿದು ಬಂದಾಗ ಅತಿಥಿಯಾಗಿ ಬಂದಿದ್ದ ಹಿರಿಯರೊಬ್ಬರು, "ಚೆನ್ನಾಗಿ ಮಾತಾಡಿದೆ ಮಗಳೇ. ಆದ್ರೆ ಅದೆಲ್ಲ ಮಕ್ಕಳ ಪುಸ್ತಕ ಅಲ್ವಾ? ಪ್ಲಸ್ ಟು ಆಯ್ತು, ಇನ್ನು ದೊಡ್ಡದನ್ನು ಓದು" ಅಂದರು.

ಅವರು ಪ್ರೀತಿಯಿಂದಲೇ ಹೇಳಿದ್ದು. ನಾನೂ ತಲೆಯಾಡಿಸಿದೆ. ಆದರೆ ಬದಿಯಡ್ಕದಲ್ಲಿ ಬಸ್ ಇಳಿದು, ಅಡಿಕೆ ತೋಟದ ನಡುವಿನ ದಾರಿಯಲ್ಲಿ ಮನೆಗೆ ನಡೆಯುವಾಗಲೂ ಆ ಮಾತು ಬಿಡಲಿಲ್ಲ. ಅವತ್ತು ಬಾಯಿಗೆ ಬಾರದ ಉತ್ತರವನ್ನು ಇವತ್ತು ಹೇಳುತ್ತೇನೆ.

ಇಂಗ್ಲಿಷಿನಲ್ಲಿ ಇಂಥ ಪುಸ್ತಕಗಳಿಗೆ ಯಂಗ್ ಅಡಲ್ಟ್ ಅನ್ನುತ್ತಾರೆ. ಚಿಕ್ಕದಾಗಿ ವೈಎ. ಸುಮಾರು 12ರಿಂದ 18 ವರ್ಷದವರಿಗೆ ಅಂತ ಬರೆದವು. ಕತೆ ಹೇಳುವುದೂ ಹೆಚ್ಚಾಗಿ ಅದೇ ವಯಸ್ಸಿನ ಹುಡುಗ ಅಥವಾ ಹುಡುಗಿ. ನನಗೆ ಇವು ಸಿಕ್ಕಿದ್ದು ದೊಡ್ಡಮ್ಮನ ಮಗಳಿಂದ. ಅಕ್ಕ ಮಂಗಳೂರಿನಲ್ಲಿ ಕಾಲೇಜು ಮುಗಿಸಿ ರೂಮು ಖಾಲಿ ಮಾಡುವಾಗ ಒಂದು ರಟ್ಟಿನ ಪೆಟ್ಟಿಗೆ ತುಂಬ ಪುಸ್ತಕ ನನಗೆ ಕೊಟ್ಟಳು. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮ. ಮೊದಲ ಹತ್ತು ಪುಟಕ್ಕೆ ನಾಲ್ಕು ದಿನ ಹಿಡಿಯಿತು. ಪ್ಲಸ್ ವನ್‌ನಲ್ಲಿ ಎಲ್ಲ ಪಾಠವೂ ಒಮ್ಮೆಲೇ ಇಂಗ್ಲಿಷಾಗಿ ಕಂಗಾಲಾಗಿದ್ದ ಸಮಯ ಅದು. ಹಾಗಿದ್ದೂ ಆ ಪುಸ್ತಕ ಕೆಳಗಿಡಲು ಆಗಲಿಲ್ಲ. ಯಾಕೆ ಅಂತ ಹೇಳುತ್ತೇನೆ.

'ದಿ ಔಟ್‌ಸೈಡರ್ಸ್' ಕತೆ ಹೇಳುವವನು ಪೋನಿಬಾಯ್. 14 ವರ್ಷ. ಅಪ್ಪ ಅಮ್ಮ ಕಾರು ಅಪಘಾತದಲ್ಲಿ ಹೋಗಿದ್ದಾರೆ. ಮನೆಯಲ್ಲಿ ಇರುವುದು ಮೂವರು ಅಣ್ಣತಮ್ಮಂದಿರು ಮಾತ್ರ. ದೊಡ್ಡವನು ಡ್ಯಾರಿ, 20 ವರ್ಷ. ಓದಿನಲ್ಲೂ ಆಟದಲ್ಲೂ ಮುಂದಿದ್ದವನು, ಕಾಲೇಜಿಗೆ ಹೋಗಬೇಕಾದವನು. ಈಗ ಮನೆಗಳಿಗೆ ಮಾಡು ಹೊದೆಸುವ ಕೆಲಸಕ್ಕೆ ಹೋಗಿ ತಮ್ಮಂದಿರನ್ನು ಸಾಕುತ್ತಾನೆ. ಬಡವರ ಗುಂಪಿನ ಹುಡುಗರಿಗೂ ಹಣವಂತರ ಗುಂಪಿನ ಹುಡುಗರಿಗೂ ನಡೆಯುವ ಹೊಡೆದಾಟದ ಕತೆ ಅಂತ ಎಲ್ಲರೂ ಇದನ್ನು ಹೇಳುತ್ತಾರೆ. ಅದು ಹೌದು. ಆದರೆ ನಾನು ಆ ಹೊಡೆದಾಟವನ್ನು ಬೇಗ ಬೇಗ ದಾಟಿ ಹೋದೆ. ನಾನು ಕಾಯುತ್ತಿದ್ದದ್ದು ಡ್ಯಾರಿ ಬರುವ ಜಾಗಗಳಿಗೆ.

ಯಾಕೆಂದರೆ ನನ್ನ ಅಣ್ಣ ಕತಾರಿನಲ್ಲಿದ್ದಾನೆ.

ಅಪ್ಪ ಅಡಿಕೆ ಕೊಯ್ಯಲು ಹೋಗುತ್ತಿದ್ದರು. ನಾನು ಎಂಟನೆಯಲ್ಲಿದ್ದಾಗ ಮಳೆಗಾಲದ ಕೊನೆಗೆ ಮರದಿಂದ ಬಿದ್ದರು. ಸೊಂಟಕ್ಕೆ ಪೆಟ್ಟಾಯಿತು. ಆಮೇಲೆ ಮರ ಹತ್ತಲಿಲ್ಲ. ಅಮ್ಮ ಬೀಡಿ ಕಟ್ಟುತ್ತಾರೆ, ಅದರಲ್ಲಿ ಮನೆ ನಡೆಯುವುದಿಲ್ಲ. ಅಣ್ಣನಿಗೆ ಪ್ಲಸ್ ಟುನಲ್ಲಿ ಒಳ್ಳೆ ಮಾರ್ಕಿತ್ತು. ಬಿಕಾಂ ಮಾಡಬೇಕು ಅಂತ ಅರ್ಜಿ ತಂದಿಟ್ಟಿದ್ದ. ಆ ಅರ್ಜಿ ಈಗಲೂ ಕಪಾಟಿನಲ್ಲಿ, ರೇಷನ್ ಕಾರ್ಡಿನ ಜೊತೆ ಇದೆ. ಅವನು ಒಂದು ಅಂಗಡಿಯ ಗೋಡೌನಿಗೆ ಕೆಲಸಕ್ಕೆ ಹೋದ. ನಮ್ಮ ಕಾಸರಗೋಡಿನಲ್ಲಿ ಇದು ವಿಶೇಷದ ಸಂಗತಿಯೇ ಅಲ್ಲ. ಗಲ್ಫಿಗೆ ಹೋದವರಿಲ್ಲದ ಕೇರಿ ಹುಡುಕುವುದೇ ಕಷ್ಟ. ಅದಕ್ಕೇ ಇರಬೇಕು, ಹೋದವನ ಬಗ್ಗೆಯಾಗಲಿ, ಮನೆಯಲ್ಲಿ ಉಳಿದ ತಂಗಿಯ ಬಗ್ಗೆಯಾಗಲಿ ಯಾರೂ ಏನೂ ಕೇಳುವುದಿಲ್ಲ.

ಅಣ್ಣ ಫೋನ್ ಮಾಡಿದರೆ ನನ್ನ ಹತ್ತಿರ ಎರಡೇ ಮಾತು. "ಮಾರ್ಕ್ ಎಷ್ಟು ಬಂತು?" "ಫೋನ್ ಜಾಸ್ತಿ ನೋಡ್ಬೇಡ." ಮೊದಲು ನನಗೆ ತಮಾಷೆ ಮಾಡಿ ನಗಿಸುತ್ತಿದ್ದ ಅಣ್ಣ ಇವನೇನಾ ಅನ್ನಿಸುತ್ತಿತ್ತು. ಇವನಿಗೆ ನಾನೊಂದು ಖರ್ಚು, ಅಷ್ಟೇ ಅಂತ ಅಂದುಕೊಂಡಿದ್ದೆ. ಎರಡು ವರ್ಷ ಹಾಗೇ ಅಂದುಕೊಂಡಿದ್ದೆ.

ಪೋನಿಬಾಯ್ ಕೂಡ ಹಾಗೇ ಅಂದುಕೊಂಡಿದ್ದಾನೆ. ಡ್ಯಾರಿಗೆ ನಾನು ಬೇಡ, ನಾನು ಅವನಿಗೆ ಭಾರ ಅಂತ. ಮೂರನೆಯ ಅಧ್ಯಾಯದಲ್ಲಿ ತಡವಾಗಿ ಮನೆಗೆ ಬರುತ್ತಾನೆ, ಡ್ಯಾರಿ ಕೈ ಎತ್ತುತ್ತಾನೆ, ಇವನು ಮನೆ ಬಿಟ್ಟು ಓಡುತ್ತಾನೆ. ಆರನೆಯ ಅಧ್ಯಾಯದ ಕೊನೆಗೆ, ಆಸ್ಪತ್ರೆಯಲ್ಲಿ, ಡ್ಯಾರಿ ಅಳುವುದನ್ನು ನೋಡುತ್ತಾನೆ. ಅಪ್ಪ ಅಮ್ಮ ಸತ್ತಾಗಲೂ ಅಳದವನು. ಆಗ ತಮ್ಮನಿಗೆ ಗೊತ್ತಾಗುತ್ತದೆ, ಅಣ್ಣ ಇಷ್ಟು ದಿನ ಗದರುತ್ತಿದ್ದದ್ದು ಹೆದರಿಕೆಯಿಂದ. ಇಬ್ಬರನ್ನು ಕಳೆದುಕೊಂಡವನಿಗೆ ಇವನನ್ನೂ ಕಳೆದುಕೊಂಡರೆ ಅನ್ನುವ ಹೆದರಿಕೆ.

ಆ ಪುಟ ಓದಿ ನಾನು ಅಂಗಳಕ್ಕೆ ಹೋಗಿ ಕೂತೆ. ಅಮ್ಮ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದವರು, "ಎಂತಾಯ್ತು?" ಅಂತ ಕೇಳಿದರು. ಏನೂ ಇಲ್ಲ ಅಂದೆ.

ಈಗ ಹೇಳಿ, ಇದು ಮಕ್ಕಳ ಪುಸ್ತಕವಾ? ಇದನ್ನು ಬರೆದ ಎಸ್. ಇ. ಹಿಂಟನ್ ಬರೆಯಲು ಶುರು ಮಾಡಿದಾಗ ಅವರಿಗೆ 15 ವರ್ಷ. 1967ರಲ್ಲಿ ಪುಸ್ತಕ ಅಚ್ಚಾದಾಗ 18. ಹುಡುಗಿ ಬರೆದದ್ದು ಅಂತ ಗೊತ್ತಾದರೆ ವಿಮರ್ಶಕರು ಕಡೆಗಣಿಸಬಹುದು ಅಂತ ಪ್ರಕಾಶಕರು ಹೆಸರಿನ ಮೊದಲ ಅಕ್ಷರಗಳನ್ನು ಮಾತ್ರ ಹಾಕಲು ಹೇಳಿದರಂತೆ. ಒಬ್ಬ ಶಾಲಾ ಹುಡುಗಿ ತನ್ನ ಊರಿನ ಹುಡುಗರನ್ನು ನೋಡಿ ಬರೆದದ್ದು ಇಷ್ಟು ದೂರ, ಇಷ್ಟು ವರ್ಷ ದಾಟಿ ನಮ್ಮ ಅಂಗಳಕ್ಕೆ ಬಂತು. ಇದಕ್ಕಿಂತ ದೊಡ್ಡದು ಇನ್ನೇನು ಬೇಕು?

ಪೆಟ್ಟಿಗೆಯಲ್ಲಿದ್ದ ಇನ್ನೊಂದು ಪುಸ್ತಕ ಆಂಜಿ ಥಾಮಸ್ ಅವರ 'ದಿ ಹೇಟ್ ಯು ಗಿವ್'. 2017ರದ್ದು. ಸ್ಟಾರ್ ಅನ್ನುವ 16 ವರ್ಷದ ಕಪ್ಪು ಹುಡುಗಿ. ಅವಳ ಕಣ್ಣೆದುರೇ ಪೊಲೀಸನೊಬ್ಬ ಅವಳ ಬಾಲ್ಯದ ಗೆಳೆಯನಿಗೆ ಗುಂಡು ಹೊಡೆಯುತ್ತಾನೆ. ಆ ನೋವನ್ನು ನನ್ನದರ ಪಕ್ಕ ಇಡುವ ಧೈರ್ಯ ನನಗಿಲ್ಲ. ನನ್ನ ಬದುಕು ಅಷ್ಟು ಕಠಿಣವಲ್ಲ. ಆದರೆ ಅವಳಲ್ಲಿ ಒಂದು ಅಭ್ಯಾಸ ಇದೆ. ಕೇರಿಯಲ್ಲಿ ಒಂದು ಬಗೆ ಮಾತಾಡುತ್ತಾಳೆ. ಬಿಳಿಯರ ಮಕ್ಕಳೇ ಹೆಚ್ಚಿರುವ ಶಾಲೆಯ ಗೇಟು ದಾಟಿದ ಕೂಡಲೇ ಇನ್ನೊಂದು ಬಗೆ. ಕೇರಿಯ ಮಾತು ಒಂದೂ ಬಾಯಿಂದ ಬೀಳದ ಹಾಗೆ ಜಾಗ್ರತೆ ಮಾಡುತ್ತಾಳೆ.

ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ತುಳು. ಶಾಲೆಯಲ್ಲಿ ಟೀಚರ ಹತ್ತಿರ ಕನ್ನಡ. ಪುಸ್ತಕ ಇಂಗ್ಲಿಷ್. ಬಸ್ಸಿನ ಬೋರ್ಡು, ಆಸ್ಪತ್ರೆಯ ಚೀಟಿ, ಆಫೀಸಿನ ಅರ್ಜಿ ಮಲಯಾಳ. ಒಮ್ಮೆ ಅಪ್ಪನ ಕಾಗದ ಹಿಡಿದು ಒಂದು ಕಚೇರಿಗೆ ಹೋಗಿದ್ದೆ. ನನ್ನ ಮಲಯಾಳ ಕೇಳಿ ಅಲ್ಲಿದ್ದವರು ನಕ್ಕರು. ಅದೇ ವಾರ ಮಂಗಳೂರಿನಲ್ಲಿ ಒಂದು ಮದುವೆ. ಅಲ್ಲಿ ಒಬ್ಬರು, "ನಿಮ್ಮ ಕನ್ನಡ ಸ್ವಲ್ಪ ಮಲಯಾಳದ ಹಾಗೆ ಕೇಳ್ತದೆ" ಅಂದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು ಅಂತ ನಾವು ಪಾಠದಲ್ಲಿ ಒಂದು ಸಾಲಿನಲ್ಲಿ ಓದುತ್ತೇವೆ. ಆ ಸಾಲು ಒಂದು ಹುಡುಗಿಯ ನಾಲಿಗೆಯ ಮೇಲೆ ಹೇಗೆ ಕೂತಿರುತ್ತದೆ ಅಂತ ಯಾವ ಪಾಠದಲ್ಲೂ ಇಲ್ಲ. ಅಮೆರಿಕದ ಸ್ಟಾರ್ ಹೇಳಿದ ಮೇಲೆ, ನಾನು ಮಾತಾಡುವ ಮೊದಲು ಒಂದು ಕ್ಷಣ ತಡೆಯುವುದು ಯಾಕೆ ಅಂತ ನನಗೇ ಗೊತ್ತಾಯಿತು.

ಎಲ್ಲ ಪುಸ್ತಕವೂ ಹೀಗೆ ಒಳಗೆ ಬಂತು ಅಂತ ಅಲ್ಲ. ಜಾನ್ ಗ್ರೀನ್ ಬರೆದ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್' ನನ್ನ ಗೆಳತಿಯರಿಗೆಲ್ಲ ಜೀವ. ಕ್ಯಾನ್ಸರ್ ಇರುವ ಇಬ್ಬರು ಹದಿಹರೆಯದವರ ಪ್ರೀತಿ. ನಾನೂ ಅತ್ತೆ, ಸುಳ್ಳು ಹೇಳುವುದಿಲ್ಲ. ಆದರೆ ಮರುದಿನ ಸಿಟ್ಟು ಬಂತು. ಆ ಇಬ್ಬರೂ ಎಷ್ಟು ಚೆಂದ ಮಾತಾಡುತ್ತಾರೆ! ಇಷ್ಟದ ಲೇಖಕನನ್ನು ನೋಡಲು ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಬರುತ್ತಾರೆ. ನನಗೆ ಎಣ್ಮಕಜೆ ಕಡೆಯ ನಮ್ಮ ನೆಂಟರ ಮನೆಯ ಪಕ್ಕದ ಅಕ್ಕ ನೆನಪಾದರು. ಅಲ್ಲಿನ ಗೇರು ತೋಟಗಳಿಗೆ 2000ದವರೆಗೆ, ಸುಮಾರು ಎರಡು ದಶಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ನೀರಿಗೂ ಮನೆಯಂಗಳಕ್ಕೂ ಬಿತ್ತು. ದೇಶದಲ್ಲಿ ಅದನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಆ ಅಕ್ಕನಿಗೆ ಈಗ ಮೂವತ್ತರ ಹತ್ತಿರ. ಮಾತು ಬರುವುದಿಲ್ಲ, ನಡೆಯಲು ಆಗುವುದಿಲ್ಲ. ಅವರ ಅಮ್ಮ ಒಂದು ಮದುವೆಗೆ ಹೋಗಿ ಊಟ ಮಾಡಿ ಬಂದದ್ದನ್ನು ಯಾರೂ ನೋಡಿಲ್ಲ. ಆ ಅಕ್ಕನಿಗೂ ಒಂದು ದಿನ 16 ವರ್ಷ ತುಂಬಿತ್ತು, ಅಲ್ವಾ? ಅವತ್ತು ಅವರ ಮನಸ್ಸಿನಲ್ಲಿ ಏನಿತ್ತು? ಆ 16ರ ಬಗ್ಗೆ ಒಂದು ಪುಸ್ತಕ ಬೇಕು ನನಗೆ. ಅದರಲ್ಲಿ ಚೆಂದದ ಮಾತು ಇಲ್ಲದಿದ್ದರೂ ಸರಿ.

ನನ್ನ ಗೆಳತಿ ಇದಕ್ಕೆ ಒಪ್ಪುವುದಿಲ್ಲ. "ಕಾಯಿಲೆ ಇದ್ದವರು ನಗಬಾರದಾ, ಪ್ರೀತಿ ಮಾಡಬಾರದಾ?" ಅಂತ ಕೇಳಿದಳು. ಅದೂ ಸರಿಯೇ. ಗ್ರೀನ್ ತನ್ನ ಕತೆ ಬರೆದರು. ನನ್ನ ಸಿಟ್ಟು ಅವರ ಮೇಲೆ ಅಲ್ಲ, ನಮ್ಮ ಕತೆ ಇಲ್ಲದ್ದರ ಮೇಲೆ.

ನಮ್ಮೂರ ಗ್ರಂಥಾಲಯದಲ್ಲಿ ಕನ್ನಡಕ್ಕೆ ಒಂದೇ ಕಪಾಟು. ಕೆಳಗಿನ ಸಾಲಿನಲ್ಲಿ ಚಿತ್ರದ ಪುಸ್ತಕ, ಜಾಣ ಮೊಲ, ರಾಜಕುಮಾರಿ. ಅದರ ಮೇಲಿನ ಸಾಲಿಗೆ ಕೈ ಹಾಕಿದರೆ ನೇರವಾಗಿ ದೊಡ್ಡವರ ಕಾದಂಬರಿ. ಏಳನೆಯ ಕ್ಲಾಸಿನ ನಂತರ ನಾನು ಆ ಎರಡು ಸಾಲುಗಳ ನಡುವೆ ನಿಂತು ಸುಮ್ನೆ ವಾಪಸ್ ಬಂದದ್ದು ಎಷ್ಟು ಸಲವೋ. ಓದುವ ಅಭ್ಯಾಸ ಬಿಟ್ಟುಹೋಗುವುದು ಅಲ್ಲೇ. ಮಕ್ಕಳು ಓದುವುದಿಲ್ಲ, ಫೋನು ನೋಡುತ್ತಾರೆ ಅಂತ ಬೈಯುವವರು ಒಂದು ದಿನ ಬಂದು ಆ ಕಪಾಟಿನ ಎದುರು ನಿಲ್ಲಬೇಕು.

ಆ ಮೇಲಿನ ಸಾಲಿನಲ್ಲೇ ನನಗೆ ಸಾರಾ ಅಬೂಬಕ್ಕರ್ ಸಿಕ್ಕಿದರು. 'ಚಂದ್ರಗಿರಿಯ ತೀರದಲ್ಲಿ'. ಅವರು 1936ರಲ್ಲಿ ಇದೇ ಕಾಸರಗೋಡಿನಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದವರು. ದೊಡ್ಡವರಿಗಾಗಿ ಬರೆದ ಕಾದಂಬರಿ ಅದು. ಆದರೆ ನಾದಿರಾಳ ಬದುಕಿನ ತೀರ್ಮಾನಗಳನ್ನೆಲ್ಲ ಅವಳ ಅಪ್ಪ ಮಾಡುವುದನ್ನು ಓದುವಾಗ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಕಾಸರಗೋಡಿಗೆ ಹೋದಾಗಲೆಲ್ಲ ಕಾಣುವ ಹೊಳೆ ಪುಸ್ತಕದೊಳಗೆ ಹರಿಯುತ್ತಿತ್ತು. ಅದೇ ಮೊದಲ ಸಲ ಒಂದು ಕಾದಂಬರಿ ಓದುತ್ತಾ ಜಾಗವನ್ನು ಊಹಿಸಿಕೊಳ್ಳಬೇಕಾಗಲಿಲ್ಲ.

ಕನ್ನಡದಲ್ಲಿ ಬರೆಯುವವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ನಿಮ್ಮನ್ನೇ ಕೇಳಿಕೊಳ್ಳುತ್ತೇನೆ. ನಮಗಾಗಿ ಬರೆಯಿರಿ. ಬುದ್ಧಿ ಹೇಳುವ ಪುಸ್ತಕ ಬೇಡ, ಅದು ಮನೆಯಲ್ಲೇ ಬೇಕಾದಷ್ಟು ಸಿಗುತ್ತದೆ. ಕನ್ಸೆಷನ್ ಕಾರ್ಡ್ ಹಿಡಿದು ಬಸ್ಸಿನ ಬಾಗಿಲಲ್ಲಿ ನಿಂತವಳು ಬರಲಿ. ಅವಳು ತುಳುವಿನಲ್ಲಿ ಬೈದುಕೊಂಡು ಮಲಯಾಳದಲ್ಲಿ ಟಿಕೆಟ್ ಕೇಳಲಿ. ಅವಳಿಗೆ ಯಾರ ಮೇಲಾದರೂ ಮನಸ್ಸಾಗಲಿ, ಅದನ್ನು ಅಪರಾಧದ ಹಾಗೆ ಬರೆಯಬೇಡಿ. ಗಣಿತದಲ್ಲಿ ಫೇಲ್ ಆಗಲಿ, ಕೊನೆಗೂ ಪಾಸಾಗದೇ ಇರಲಿ.

ಇನ್ನೊಂದು ವಿಷಯ ಹೇಳಬೇಕು. ಎರಡು ತಿಂಗಳ ಹಿಂದೆ ಅಣ್ಣ ಫೋನ್ ಮಾಡಿ ಎಂದಿನಂತೆ ಮಾರ್ಕು ಕೇಳಿದ. ಹೇಳಿದೆ. ಆಮೇಲೆ ಏನು ಮಾತಾಡುವುದು ಗೊತ್ತಾಗದೆ, "ಅಣ್ಣ, ಒಂದು ಕತೆ ಓದಿದೆ, ಹೇಳ್ಲಾ?" ಅಂತ ಕೇಳಿದೆ. ಹೇಳು ಅಂದ. ಇಂಗ್ಲಿಷ್ ಪುಸ್ತಕ ಕೈಯಲ್ಲಿ ಹಿಡಿದು ಸಾಲು ಸಾಲಾಗಿ ತುಳುವಿಗೆ ತಿರುಗಿಸುತ್ತಾ ಹೇಳಿದೆ. ಕೆಲವು ಕಡೆ ಮಾತೇ ಸಿಗಲಿಲ್ಲ, ಕನ್ನಡ ಸೇರಿಸಿದೆ. ಅರ್ಧ ಗಂಟೆಯಾಯಿತು. ನಿಲ್ಲಿಸಿದಾಗ ಅವನು, "ಬೊಕ್ಕ ದಾದ ಆಂಡ್?" ಅಂತ ಕೇಳಿದ. ಆಮೇಲೆ ಏನಾಯ್ತು ಅಂತ.

ಅಲ್ಲಿಂದ ಪ್ರತಿ ಶುಕ್ರವಾರ, ಅವನಿಗೆ ರಜೆಯ ದಿನ, ಸ್ವಲ್ಪ ಸ್ವಲ್ಪ ಹೇಳುತ್ತಿದ್ದೇನೆ. ರೂಮಿನಲ್ಲಿ ಅವನ ಜೊತೆಗಿರುವ ಒಬ್ಬರು ಪುತ್ತೂರಿನವರಂತೆ, ಅವರೂ ಕೇಳುತ್ತಾರೆ. ಡ್ಯಾರಿ ಕೈ ಎತ್ತಿದ ಕಡೆ ಅಣ್ಣ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, "ಅವನು ಹಾಗೆ ಮಾಡಬಾರದಿತ್ತು" ಅಂದ.

ಕಳೆದ ವಾರ ಐದನೆಯ ಅಧ್ಯಾಯ ಮುಗಿಯಿತು. ಈ ಶುಕ್ರವಾರ ಆರನೆಯದು. ಅದರಲ್ಲಿ ಡ್ಯಾರಿ ಅಳುತ್ತಾನೆ ಅಂತ ನಾನು ಅಣ್ಣನಿಗೆ ಇನ್ನೂ ಹೇಳಿಲ್ಲ.