ತಾರೀಖು ಮೊದಲು, ಊರು ಆಮೇಲೆ

(ಉಡುಪಿಯಲ್ಲಿ ಒಂದು ಸಹಕಾರಿ ಸಂಘದ ಸದಸ್ಯರ ಕೂಟದಲ್ಲಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಪ್ರವಾಸದ ಖರ್ಚು ಕಡಿಮೆ ಮಾಡುವುದು ಹೇಗೆ ಅಂತ ಮಾತಾಡಲಿಕ್ಕೆ ಕರೆದಿದ್ದೀರಿ. ಬ್ಯಾಂಕಿನಲ್ಲಿದ್ದು ನಿವೃತ್ತನಾದವನಿಗೆ ದುಡ್ಡು ಉಳಿಸುವ ವಿಷಯವೇ ಸಿಗುವುದು, ಬೇರೆ ಎಂತ ಕೊಡ್ತೀರಿ!

ನಮ್ಮ ಮನೆಗಳಲ್ಲಿ ಪ್ರವಾಸ ಹೇಗೆ ಶುರುವಾಗುತ್ತದೆ ನೋಡಿ. ಮೊದಲು ಊರು ಗಟ್ಟಿಯಾಗುತ್ತದೆ. "ಈ ಸಲ ಊಟಿ." ಆಮೇಲೆ ಮಕ್ಕಳ ರಜೆ ನೋಡುತ್ತೇವೆ. ಮೇ ತಿಂಗಳು. ಆಮೇಲೆ ಟಿಕೆಟ್, ಆಮೇಲೆ ರೂಮು. ಕೊನೆಗೆ ರೇಟು ಕೇಳಿ ತಲೆ ಮೇಲೆ ಕೈ. ನನ್ನ ಪ್ರಕಾರ ಈ ಸಾಲೇ ಉಲ್ಟಾ. ಮೊದಲು ನಮಗೆ ಸಿಗುವ ತಾರೀಖು ಯಾವುದು ಅಂತ ನೋಡಬೇಕು. ಆ ತಾರೀಖಿಗೆ ಯಾವ ಊರಿನಲ್ಲಿ ಜನ ಕಡಿಮೆ ಅಂತ ಹುಡುಕಬೇಕು. ಊರು ಕೊನೆಗೆ. ಇವತ್ತು ನಾನು ಹೇಳುವುದೆಲ್ಲ ಹೆಚ್ಚುಕಮ್ಮಿ ಇದರ ಬಾಲವೇ.

ನಂಬಿಕೆ ಬಾರದಿದ್ದರೆ ನಮ್ಮ ಊರನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. 2026ರಲ್ಲಿ ಶಿರೂರು ಮಠದ್ದು ಆಯಿತು. ಅಂಥ ದಿನ ರಥಬೀದಿಯ ಸುತ್ತ ಯಾವುದಾದರೂ ಲಾಡ್ಜಿಗೆ ಹೋಗಿ ರೂಮು ಕೇಳಿದರೆ ಕೌಂಟರಿನಲ್ಲಿದ್ದವರು ತಲೆ ಎತ್ತಿಯೂ ನೋಡುವುದಿಲ್ಲ. ಅದೇ ಲಾಡ್ಜಿಗೆ ಜುಲೈ ತಿಂಗಳಲ್ಲಿ, ಜಡಿಮಳೆಯ ಒಂದು ಮಂಗಳವಾರ ಹೋಗಿ. ಎದ್ದು ಬಂದು ಬ್ಯಾಗು ಹಿಡಿಯುತ್ತಾರೆ. ಮಂಚ ಅದೇ, ಫ್ಯಾನು ಅದೇ, ಬಿಸಿನೀರು ಬಾರದ ನಲ್ಲಿಯೂ ಅದೇ. ಮಲ್ಪೆಯಲ್ಲೂ ಹಾಗೆಯೇ. ಡಿಸೆಂಬರ್ ಕೊನೆಯ ವಾರದಲ್ಲಿ ಬೀಚಿನ ಬದಿ ರೂಮಿಗೆ ಕೇಳಿದಷ್ಟು ಕೊಡಬೇಕು. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟೇ ಇಲ್ಲ, ಆಗ ಚೌಕಾಸಿ ನಡೆಯುತ್ತದೆ. ಇಲ್ಲಿಗೆ ಬರುವವರಿಗೆ ನಾವು ಮಾಡುವುದನ್ನೇ ಬೇರೆ ಊರಿನವರು ನಮಗೆ ಮಾಡುತ್ತಾರೆ, ಅಲ್ವಾ?

"ಶಾಲೆಗೆ ಹೋಗುವ ಮಕ್ಕಳಿದ್ದಾರೆ, ತಾರೀಖು ನಮ್ಮ ಕೈಯಲ್ಲಿ ಎಲ್ಲಿದೆ?" ಅಂತ ನೀವು ಕೇಳಬಹುದು. ಸರಿ. ಆದರೆ ಊರು ನಿಮ್ಮ ಕೈಯಲ್ಲಿದೆ. ದಸರಾ ರಜೆಯಲ್ಲಿ ಎಲ್ಲರೂ ಮೈಸೂರಿಗೆ ಹೋಗುತ್ತಾರೆ. ಜಂಬೂಸವಾರಿ ನೋಡಲೇಬೇಕು ಅಂತ ಇದ್ದರೆ ಹೋಗಿ, ಅದಕ್ಕೆ ಕೊಡುವ ದುಡ್ಡು ದಂಡ ಅಲ್ಲ. ಆದರೆ ಮೃಗಾಲಯ, ಅರಮನೆ, ಚಾಮುಂಡಿ ಬೆಟ್ಟ ಮಾತ್ರ ನೋಡುವುದಾದರೆ ಆ ಹತ್ತು ದಿನ ಯಾಕೆ? ಇನ್ನೊಂದು ರಜೆಗೆ ಅದನ್ನು ಇಡಿ. ದಸರೆಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಿ.

ಕರಾವಳಿಯವರಿಗೆ ಘಟ್ಟದ ಆಚೆಯ ಬಯಲುಸೀಮೆ ಒಂದು ದೊಡ್ಡ ಲಾಭ. ಮಳೆ ಮೋಡವನ್ನು ಘಟ್ಟ ಇಲ್ಲೇ ತಡೆದುಬಿಡುತ್ತದೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಬಾಗಲಕೋಟೆ ಕಡೆ ಸುಮಾರು 600 ಮಿಲಿಮೀಟರ್ ಆದರೆ ಹೆಚ್ಚು. ನಾವು ಇಲ್ಲಿ ಬಟ್ಟೆ ಒಣಗದೆ ಒದ್ದಾಡುವ ಆಗಸ್ಟಿನಲ್ಲಿ ಅಲ್ಲಿ ಆಕಾಶದಲ್ಲಿ ಮೋಡ, ನೆಲದಲ್ಲಿ ಹಸಿರು, ನಡೆದಾಡಲಿಕ್ಕೆ ಹಿತ. ರೂಮುಗಳೂ ಖಾಲಿ. ಮಕ್ಕಳ ತಾಪತ್ರಯ ಮುಗಿದ ನನ್ನ ವಯಸ್ಸಿನವರು ಈ ಸಮಯ ಬಿಡಲೇಬಾರದು. ಆದರೆ ಅಗ್ಗ ಸಿಕ್ಕಿತು ಅಂತ ಮೇ ತಿಂಗಳಲ್ಲಿ ಹಂಪಿಗೆ ಹೋಗಬೇಡಿ. ಬಂಡೆ ಕಾದು ಕಾಲಿಡಲಿಕ್ಕೆ ಆಗುವುದಿಲ್ಲ. ಮಧ್ಯಾಹ್ನ ಪೂರ್ತಿ ರೂಮಿನಲ್ಲಿ ಮಲಗಿ ಬರುವುದಾದರೆ ಮನೆಯಲ್ಲೇ ಮಲಗಬಹುದು. ರೇಟು ಇಳಿದಿದೆ ಅಂದರೆ ಯಾಕೆ ಇಳಿದಿದೆ ಅಂತಲೂ ಕೇಳಬೇಕು.

ಬಾದಾಮಿ ಕಡೆ ಹೋಗಲಿಕ್ಕೆ ಮಂಗಳೂರಿನಿಂದ ವಿಜಯಪುರದ ರೈಲು ಉಂಟು. ಹುಬ್ಬಳ್ಳಿ, ಗದಗ ಮೇಲೆ ಹೋಗುತ್ತದೆ. ಬಾದಾಮಿಯಲ್ಲಿ ಇಳಿದ ಮೇಲೆ ಪಟ್ಟದಕಲ್ಲಿಗೆ, ಐಹೊಳೆಗೆ ಸರಕಾರಿ ಬಸ್ಸು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದದ್ದು ನಿಮಗೆ ಗೊತ್ತು. ನಮ್ಮಲ್ಲಿ ಖಾಸಗಿ ಬಸ್ಸುಗಳದೇ ಕಾರುಬಾರು, ಹಾಗಾಗಿ ಉಡುಪಿ ಮಂಗಳೂರಿನ ಹೆಂಗಸರಿಗೆ ಅದರ ಲಾಭ ದಿನನಿತ್ಯ ಅಷ್ಟು ಸಿಗುವುದಿಲ್ಲ. ಪ್ರವಾಸದಲ್ಲಾದರೂ ತೆಗೆದುಕೊಳ್ಳಿ. ಆಧಾರ್ ಕಾರ್ಡು ತೋರಿಸಿದರೆ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಶೂನ್ಯ ಟಿಕೆಟ್. ರಾಜಹಂಸ, ಐರಾವತಕ್ಕೆ ಇಲ್ಲ, ಮತ್ತೆ ಕಂಡಕ್ಟರ್ ಹತ್ತಿರ ಜಗಳ ಬೇಡ. ಪಟ್ಟದಕಲ್ಲಿನಲ್ಲಿ 15 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಪ್ರವೇಶ ಟಿಕೆಟ್ ಇಲ್ಲ. ಪುರಾತತ್ವ ಇಲಾಖೆಯ ಎಲ್ಲ ಸ್ಮಾರಕಗಳಲ್ಲೂ ಹಾಗೆಯೇ. ಹಂಪಿಯಲ್ಲಿ ವಿಜಯವಿಠ್ಠಲ ದೇವಸ್ಥಾನಕ್ಕೆ ತೆಗೆದ ಟಿಕೆಟನ್ನು ಬಿಸಾಡಬೇಡಿ. ಅದೇ ದಿನ ಕಮಲ ಮಹಲಿಗೂ ಮ್ಯೂಸಿಯಮ್ಮಿಗೂ ಅದೇ ನಡೆಯುತ್ತದೆ. ಮ್ಯೂಸಿಯಮ್ಮಿಗೆ ಶುಕ್ರವಾರ ರಜೆ.

ಈಗ ರೈಲು ಟಿಕೆಟ್. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ತುಂಬ ಜನ ಇನ್ನೂ ಹಳೆ ಲೆಕ್ಕದಲ್ಲೇ ಇದ್ದಾರೆ. ಅಕ್ಟೋಬರ್ 10ಕ್ಕೆ ಹೊರಡುವುದಾದರೆ ಆಗಸ್ಟ್ 11ರ ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಹೋಗುವ ಟಿಕೆಟನ್ನು ಎಲ್ಲರೂ ಅಲಾರಂ ಇಟ್ಟು ಮಾಡುತ್ತಾರೆ. ಅಕ್ಟೋಬರ್ 15ಕ್ಕೆ ವಾಪಸ್ ಬರುವುದಾದರೆ ಆ ಟಿಕೆಟ್ ತೆರೆಯುವುದು ಆಗಸ್ಟ್ 16ಕ್ಕೆ. ನಡುವೆ ಐದು ದಿನ. ಅಷ್ಟರಲ್ಲಿ ಹುಮ್ಮಸ್ಸು ಇಳಿದಿರುತ್ತದೆ, ನಾಳೆ ಮಾಡಿದರಾಯಿತು ಅಂತ ಕೂರುತ್ತೇವೆ. ಕೊನೆಗೆ ಹೋಗುವಾಗ ಸ್ಲೀಪರಿನಲ್ಲಿ ಆರಾಮಾಗಿ ಹೋಗಿ, ಬರುವಾಗ ಹಬ್ಬದ ರೇಟಿನ ಸ್ಲೀಪರ್ ಬಸ್ಸಿಗೆ ಮೂರು ಪಟ್ಟು ಕೊಟ್ಟು ಬರುವುದು. ಕ್ಯಾಲೆಂಡರಿನಲ್ಲಿ ಎರಡೂ ತಾರೀಖಿಗೆ ಗುರುತು ಹಾಕಿ. ಹೋಗುವ ಟಿಕೆಟಿಗಿಂತ ಬರುವ ಟಿಕೆಟೇ ಜೇಬಿಗೆ ಜಾಸ್ತಿ ಕತ್ತರಿ ಹಾಕುವುದು.

ಇನ್ನೊಂದು ಸಣ್ಣ ಗುಟ್ಟು. ಈ 60 ದಿನದ ಲೆಕ್ಕ ರೈಲು ಹೊರಡುವ ಊರಿನ ತಾರೀಖಿನಿಂದ. ದೂರದಿಂದ ಬರುವ ರೈಲು, ಉದಾಹರಣೆಗೆ ನಿಜಾಮುದ್ದೀನಿನಿಂದ ಬರುವ ಮಂಗಳಾ ಎಕ್ಸ್‌ಪ್ರೆಸ್, ನಮ್ಮ ಇಂದ್ರಾಳಿ ಸ್ಟೇಷನ್ನಿಗೆ ಬರುವಾಗ ಹೊರಟ ದಿನ ದಾಟಿರುತ್ತದೆ. ಹಾಗಾಗಿ ಇಲ್ಲಿ ಹತ್ತಿ ಎರ್ನಾಕುಳಂ ಕಡೆ ಹೋಗುವವರಿಗೆ ಬುಕಿಂಗ್ ನೀವು ಎಣಿಸಿದ್ದಕ್ಕಿಂತ ಮೊದಲೇ ತೆರೆದಿರುತ್ತದೆ. ತತ್ಕಾಲನ್ನು ಮಾತ್ರ ನಂಬಿ ಕೂರಬೇಡಿ. ಹಿಂದಿನ ದಿನ ಏಸಿಗೆ 10 ಗಂಟೆಗೆ, ಸ್ಲೀಪರಿಗೆ 11 ಗಂಟೆಗೆ ತೆರೆಯುತ್ತದೆ. ದರವೂ ಜಾಸ್ತಿ. ಕನ್ಫರ್ಮ್ ಆದ ತತ್ಕಾಲ್ ಟಿಕೆಟನ್ನು ರದ್ದು ಮಾಡಿದರೆ ಒಂದು ಪೈಸೆಯೂ ವಾಪಸ್ ಇಲ್ಲ.

ಬಸ್ಸಿನಲ್ಲಿ ಹೋಗುವವರಿಗೆ ಒಂದೇ ಮಾತು. ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ಜನರಿಗೆ ಒಂದೇ ಟಿಕೆಟಿನಲ್ಲಿ ಮುಂಗಡ ಬುಕ್ ಮಾಡಿದರೆ ಶೇಕಡಾ 5 ರಿಯಾಯಿತಿ. ಹೋಗುವುದು ಬರುವುದು ಒಟ್ಟಿಗೆ ಮಾಡಿದರೆ ಬರುವ ಟಿಕೆಟಿಗೆ ಶೇಕಡಾ 10.

ವಿಮಾನದಲ್ಲಿ ಹೋಗುವವರು ಮಂಗಳೂರಿನ ಬಜ್ಪೆಯನ್ನು ಮಾತ್ರ ನೋಡುವುದು ಬಿಡಿ. ಕಣ್ಣೂರಿನಲ್ಲಿ 2018ರ ಡಿಸೆಂಬರಿನಿಂದ ವಿಮಾನ ನಿಲ್ದಾಣ ಉಂಟು. ಗೋವಾದ ಮೋಪಾದಲ್ಲಿ 2023ರ ಜನವರಿಯಿಂದ ಉಂಟು. ಕೆಲವು ದಿನ ಅಲ್ಲಿಂದ ಟಿಕೆಟ್ ಕಡಿಮೆಗೆ ಸಿಗುತ್ತದೆ. ಆದರೆ ಟಿಕೆಟಿನ ಬೆಲೆ ನೋಡಿ ಕುಣಿಯಬೇಡಿ. ಕಣ್ಣೂರು ನಿಲ್ದಾಣ ಇರುವುದು ಪೇಟೆಯಲ್ಲಲ್ಲ, ಮಟ್ಟನ್ನೂರಿನಲ್ಲಿ. ಮೋಪಾ ಗೋವಾದ ಆ ತುದಿಯ ಪೆಡ್ನೆ ತಾಲೂಕಿನಲ್ಲಿ. ರೈಲಿಳಿದು ಟ್ಯಾಕ್ಸಿ ಮಾಡಬೇಕು. ಬೆಳಗಿನ ಜಾವದ ವಿಮಾನವಾದರೆ ಹಿಂದಿನ ರಾತ್ರಿ ರೂಮು ಬೇರೆ. ಮನೆಯ ಗೇಟಿನಿಂದ ಅಲ್ಲಿನ ರೂಮಿನ ಬಾಗಿಲ ತನಕ ಎಷ್ಟಾಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಕೂಡಿಸಿ, ಆಮೇಲೆ ಯಾವುದು ಅಗ್ಗ ಅಂತ ಹೇಳಿ. ಲಗೇಜಿನ ತೂಕವನ್ನೂ ಮನೆಯಲ್ಲೇ ನೋಡಿಕೊಳ್ಳಿ. ಕೈಚೀಲ ಮಾತ್ರ ಒಯ್ಯುವ ಕಡಿಮೆ ದರದ ಟಿಕೆಟ್ ತೆಗೆದು, ಕೌಂಟರಿನಲ್ಲಿ ಹಲಸಿನ ಹಪ್ಪಳದ ಡಬ್ಬಿಗೆ ದುಡ್ಡು ಕಟ್ಟುವವರು ನಮ್ಮಲ್ಲಿ ಕಡಿಮೆ ಇಲ್ಲ.

ರೂಮಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನಕ್ಕೆ ಲೆಕ್ಕ ಮಾಡೋಣ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿ ತನಕದ ರೂಮಿಗೆ ಜಿಎಸ್‌ಟಿ ಶೇಕಡಾ 5. ಅದರ ಮೇಲೆ ಹೋದರೆ ಶೇಕಡಾ 18. ಈಗ 7,500ರ ರೂಮು ತೆಗೆದುಕೊಳ್ಳಿ. ತೆರಿಗೆ 375, ಒಟ್ಟು 7,875. ಪಕ್ಕದ ಹೋಟೆಲಿನಲ್ಲಿ 7,600. ನೂರು ರೂಪಾಯಿ ತಾನೆ, ಇದೇ ಚೆನ್ನಾಗಿದೆ ಅನ್ನುತ್ತೀರಿ. ತೆರಿಗೆ 1,368, ಒಟ್ಟು 8,968. ನೂರು ರೂಪಾಯಿಯ ವ್ಯತ್ಯಾಸ ಬಿಲ್ಲಿನಲ್ಲಿ 1,093 ಆಯಿತು. ಮೂರು ರಾತ್ರಿ ಇದ್ದರೆ ಮೂರು ಸಾವಿರ ದಾಟಿತು. ನಮ್ಮಲ್ಲಿ ಹೆಚ್ಚಿನವರು ಎರಡು ಸಾವಿರದ ರೂಮಿನವರು, ನಮಗೆ ಈ ತಕರಾರಿಲ್ಲ. ಆದರೆ ಮಗಳ ಮದುವೆ ಮುಗಿಸಿ ಒಮ್ಮೆ ದೊಡ್ಡ ರೆಸಾರ್ಟಿಗೆ ಹೋಗುವಾಸೆ ಇದ್ದವರು ಈ 7,500ರ ಗೆರೆಯನ್ನು ನೆನಪಿಡಿ.

ಮೊಬೈಲಿನಲ್ಲಿ ರೇಟು ನೋಡಿದ ಮೇಲೆ ಹೋಟೆಲಿಗೆ ನೇರ ಫೋನ್ ಮಾಡಿ. ಬುಕಿಂಗ್ ಆ್ಯಪಿನವರಿಗೆ ಕೊಡುವ ಕಮಿಷನ್ ಉಳಿಯುವುದರಿಂದ ಎಷ್ಟೋ ಮಾಲೀಕರು ಕಡಿಮೆ ಮಾಡುತ್ತಾರೆ. ಇಲ್ಲದಿದ್ದರೆ ಬೆಳಗಿನ ತಿಂಡಿಯನ್ನಾದರೂ ಸೇರಿಸುತ್ತಾರೆ. ನಂಬರನ್ನು ಮಾತ್ರ ನಾಲ್ಕು ಕಡೆ ನೋಡಿ ಖಚಿತ ಮಾಡಿಕೊಳ್ಳಿ. ಯಾತ್ರಾಸ್ಥಳಗಳ ವಸತಿಗೃಹದ ಹೆಸರಿನಲ್ಲಿ ಸುಳ್ಳು ವೆಬ್‌ಸೈಟ್ ಮಾಡಿ ದುಡ್ಡು ಎತ್ತುವವರಿದ್ದಾರೆ. ಯುಪಿಐಯಲ್ಲಿ ಹೋಟೆಲಿನ ಹೆಸರು ಬಾರದೆ ಯಾರದೋ ವ್ಯಕ್ತಿಯ ಹೆಸರು ಬಂದರೆ ಬೆರಳನ್ನು ಹಿಂದೆ ತೆಗೆಯಿರಿ.

ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಮಾಡಿಕೊಂಡು ಹೋಗುವುದು ನಮ್ಮ ಕುಟುಂಬಗಳಿಗೆ ಪ್ರೀತಿ. ಹನ್ನೆರಡು ಜನ ತುಂಬಿದರೆ ತಲೆಗೆ ಅಗ್ಗವೇ ಬೀಳುತ್ತದೆ. ಬಾಡಿಗೆ ಮಾತಾಡುವಾಗ ಕಿಲೋಮೀಟರಿಗೆ ಎಷ್ಟು ಅಂತ ಮಾತ್ರ ಕೇಳಿ ಸುಮ್ನೆ ಆಗಬೇಡಿ. ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಅಂತ ಕೇಳಿ. 250, 300 ಅಂತ ಇರುತ್ತದೆ. ಒಂದೇ ಊರಿನಲ್ಲಿ ಸುತ್ತಾಡಿ 60 ಕಿಲೋಮೀಟರ್ ಓಡಿದ ದಿನವೂ ಅಷ್ಟರ ದುಡ್ಡು ಕೊಡಬೇಕು. ಟೋಲ್, ಪರ್ಮಿಟ್, ಪಾರ್ಕಿಂಗ್, ಡ್ರೈವರ್ ಬಾಟಾ ಯಾರದು ಅಂತ ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳಿ. ಡ್ರೈವರಿಗೆ ರಾತ್ರಿ ಮಲಗಲಿಕ್ಕೆ ಸರಿಯಾದ ಜಾಗ ಮಾಡಿಕೊಡಿ. ಅಲ್ಲಿ ಉಳಿಸಿದ ದುಡ್ಡು ಮರುದಿನ ಘಟ್ಟ ಇಳಿಯುವಾಗ ಯಾರಿಗೂ ಬೇಡ. ಸ್ವಂತ ಕಾರಿನವರಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸು ಬಂದಿದೆ. ಶುರುವಾದಾಗ 3,000 ರೂಪಾಯಿ, 200 ಸಲ ಅಥವಾ ಒಂದು ವರ್ಷ. ಹೆಜಮಾಡಿ, ಸಾಸ್ತಾನ, ತಲಪಾಡಿ ಅಂತ ವಾರ ವಾರ ಓಡಾಡುವವರಿಗೆ ಇದು ಲಾಭ. ವರ್ಷಕ್ಕೊಮ್ಮೆ ಗೋವಾಕ್ಕೆ ಹೋಗಿ ಬರುವವರಿಗೆ ಬೇಡ.

ನನಗೆ ಕಂಡಂತೆ ಅತಿ ದೊಡ್ಡ ಸೋರಿಕೆ ಇರುವುದು ಊರುಗಳ ಸಂಖ್ಯೆಯಲ್ಲಿ. ನಾಲ್ಕು ದಿನದಲ್ಲಿ ಮುನ್ನಾರ್, ತೇಕ್ಕಡಿ, ಆಲಪ್ಪುಳ, ಕೋವಳಂ. ದಿನಾ ಗಂಟು ಕಟ್ಟುವುದು, ಗಂಟು ಬಿಚ್ಚುವುದು. ಊರು ಬದಲಾದಾಗಲೆಲ್ಲ ಅರ್ಧ ದಿನ ಗಾಡಿಯಲ್ಲಿ, ದಾರಿಯಲ್ಲಿ ಸಿಕ್ಕಿದ ಹೋಟೆಲಿನಲ್ಲಿ ಸಿಕ್ಕಿದ ರೇಟಿಗೆ ಊಟ. ಎರಡು ಊರು ಬಿಟ್ಟುಬಿಡಿ. ಒಂದೇ ಕಡೆ ಮೂರು ರಾತ್ರಿ ಅಂದರೆ ರೂಮಿನವರೂ ರೇಟು ಇಳಿಸುತ್ತಾರೆ.

ಊಟದಲ್ಲಿ ಮಾತ್ರ ಜಿಪುಣತನ ಬೇಡ ಅಂತ ನಾನು ಹೇಳುವವ. ರೈಲಿಗೆ ಬನ್ಸ್, ಅವಲಕ್ಕಿ ಕಟ್ಟಿಕೊಂಡು ಹೋಗಿ, ಒಳ್ಳೆಯದೇ. ಆದರೆ ಬಾದಾಮಿಗೆ ಹೋಗಿ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ತಿನ್ನದೆ, ಅಲ್ಲೂ ಉಡುಪಿ ಹೋಟೆಲ್ ಹುಡುಕಿ ಮಸಾಲೆದೋಸೆ ತಿನ್ನುವವರಿದ್ದಾರಲ್ಲ ಮಾರಾಯ್ರೆ! ಖಾನಾವಳಿಯೇ ಅಗ್ಗ, ಅದೂ ಹೊಟ್ಟೆತುಂಬ.

ಸರಕಾರಿ, ಬ್ಯಾಂಕ್ ನೌಕರಿಯಲ್ಲಿ ಇರುವವರಿಗೆ ಎರಡು ಮಾತು. ಎಲ್‌ಟಿಸಿ, ಅಂದರೆ ರಜೆಯ ಪ್ರವಾಸಕ್ಕೆ ನೌಕರಿಯಲ್ಲಿ ಕೊಡುವ ಭತ್ಯೆ, ಅದರ ತೆರಿಗೆ ವಿನಾಯಿತಿ ನಾಲ್ಕು ವರ್ಷದ ಬ್ಲಾಕಿನಲ್ಲಿ ಎರಡು ಪ್ರಯಾಣಕ್ಕೆ. ಈಗಿನ ಬ್ಲಾಕ್ 2026ರಿಂದ 2029. ಪ್ರಯಾಣದ ಟಿಕೆಟಿಗೆ ಮಾತ್ರ, ರೂಮು ಊಟಕ್ಕೆ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಅದೂ ಇಲ್ಲ. ವಿದೇಶದ ಪ್ಯಾಕೇಜು ತೆಗೆದುಕೊಂಡವರಿಂದ ಟೂರಿನವರು ಟಿಸಿಎಸ್ ಅಂತ ಮೊದಲೇ ತೆರಿಗೆ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಹಿಡಿಯಬಹುದು. ದುಬೈಯ ಅಂಗಡಿಯಲ್ಲಿ ಕಾರ್ಡು ಉಜ್ಜುವಾಗ ಮೆಷಿನ್ನು "ರೂಪಾಯಿಯೋ ದಿರ್ಹಮೋ" ಅಂತ ಕೇಳಿದರೆ ದಿರ್ಹಂ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ ದರ.

ಕೊನೆಗೆ ದುಡ್ಡು ಎಲ್ಲಿಂದ? ಚಿನ್ನ ಅಡವಿಟ್ಟು ಟೂರ್ ಹೋದವರನ್ನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಟೂರಿನ ಫೋಟೋ ಮರೆತ ಮೇಲೂ ಬಡ್ಡಿ ಕಟ್ಟುತ್ತಿದ್ದರು. ಈಗ ಮೊಬೈಲಿನಲ್ಲೇ "ಈಗ ಹೋಗಿ, ಕಂತಿನಲ್ಲಿ ಕಟ್ಟಿ" ಅಂತ ಬರುತ್ತದೆ. ಮುಟ್ಟಬೇಡಿ. ಈ ಊರಿನಲ್ಲಿ ಅದಕ್ಕೆ ಹಳೆಯ ಮದ್ದು ಉಂಟು. 1928ರಲ್ಲಿ ಟಿ.ಎಂ.ಎ. ಪೈಯವರು ಇಲ್ಲೇ ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ, ಶುರು ಮಾಡಿದರು, ದಿನಕ್ಕೆ ಎರಡಾಣೆ. ನಮ್ಮ ಸಂಘದ ಪಿಗ್ಮಿಯವರು ಇವತ್ತೂ ನಿಮ್ಮ ಅಂಗಡಿಗೆ ಬರುತ್ತಾರೆ. ಈಗಿನ ಖಾತೆಗೆ ಸೇರಿಸಬೇಡಿ, ಪ್ರವಾಸಕ್ಕೆ ಅಂತ ಬೇರೆಯೇ ತೆರೆಯಿರಿ. ದಿನಕ್ಕೆ 50 ರೂಪಾಯಿ ಹಾಕಿದರೆ ವರ್ಷಕ್ಕೆ 18,250. ಗಂಡ ಹೆಂಡತಿ ಇಬ್ಬರೂ ಹಾಕಿದರೆ 36,500. ಬಡ್ಡಿ ಬಹಳ ಇಲ್ಲ, ನಡುವೆ ತೆಗೆದರೆ ಕಡಿತವೂ ಆಗಬಹುದು. ಆ ಕಡಿತದ ಹೆದರಿಕೆಗಾದರೂ ದುಡ್ಡು ಕೂರುತ್ತದೆ. ಖಾತೆಯ ಅವಧಿ ಮುಗಿಯುವ ದಿನ ರೈಲು ಬುಕಿಂಗ್ ತೆರೆಯುವ ದಿನಕ್ಕಿಂತ ಒಂದು ವಾರ ಮೊದಲು ಬರುವ ಹಾಗೆ ಲೆಕ್ಕ ಹಾಕಿ ತೆರೆಯಿರಿ. ಫಾರಂ ಹೊರಗಿನ ಟೇಬಲ್ಲಿನಲ್ಲಿ ಇಟ್ಟಿದ್ದಾರೆ.

ಊಟಿಗೇ ಹೋಗಬೇಕು ಅನ್ನುವವರು ಗಾಡಿಗೆ ಇ-ಪಾಸ್ ಮಾಡಿಸಿಕೊಳ್ಳಿ, 2024ರ ಮೇ ತಿಂಗಳಿನಿಂದ ಅದು ಬಂದಿದೆ. ಇನ್ನು ನಿಮ್ಮ ಪ್ರಶ್ನೆಗಳು. ಹಿಂದಿನ ಸಾಲಿನವರು ಆಗಲೇ ಕೈ ಎತ್ತಿದ್ದರು, ಮೊದಲು ಅವರದು ಕೇಳೋಣ.