ಒಂದೇ ಕಡೆಯ ಮೂರು ವೈನ್, ಎರಡು ಸಲ ಮಾರ್ಕ್ಸ್

[ದೃಶ್ಯ: ಮೇಜಿನ ಮೇಲೆ ಪೇಪರ್ ಸುತ್ತಿದ ಮೂರು ಬಾಟಲಿ. ಮೇಲೆ 1, 2, 3 ಎಂದು ಬರೆದ ಚೀಟಿ.]

ನಮಸ್ಕಾರ. ಈ ಮೂರೂ ಒಂದೇ ಕಡೆಯವು. ಇಟಲಿಯ ಪಿಯೆಮೊಂತೆಯಲ್ಲಿ ಬಾರ್ಬರೆಸ್ಕೊ ಅಂತ ಪುಟ್ಟ ಊರು. ಅಲ್ಲಿಯ 'ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ' ಮಾಡಿದ್ದು. ದ್ರಾಕ್ಷಿ ಒಂದೇ, ನೆಬ್ಬಿಯೊಲೊ. ವರ್ಷ ಒಂದೇ, ಮಾಡುವ ರೀತಿಯೂ ಒಂದೇ. ತೋಟ ಮಾತ್ರ ಬೇರೆ ಬೇರೆ. ಮಾರ್ಕ್ಸ್ ಕೊಡೋದು ಸುಲಭ ಅಂದುಕೊಂಡಿದ್ದೆ.

[ದೃಶ್ಯ: ಬಾರ್ಬರೆಸ್ಕೊ ಗುಡ್ಡ, ಕೆಳಗೆ ತಾನಾರೊ ನದಿ.]

ಪ್ರೊದುತ್ತೋರಿ ಸಾಹುಕಾರರ ಕಂಪನಿ ಅಲ್ಲ, ಬೆಳೆಗಾರರ ಸೊಸೈಟಿ. ನಮ್ಮ ಹಾಲಿನ ಡೇರಿ ಇದ್ದ ಹಾಗೆ. 1894ರಲ್ಲಿ ದೊಮಿತ್ಸಿಯೊ ಕವಾತ್ಸಾ ಎಂಬುವವರು ಊರಿನ ಬೆಳೆಗಾರರನ್ನು ಸೇರಿಸಿ ಮೊದಲು ಶುರು ಮಾಡಿದರು. ಆಲ್ಬಾದ ವೈನ್ ಶಾಲೆಯ ಹೆಡ್‌ಮಾಸ್ಟರ್ ಅವರು. ಫ್ಯಾಸಿಸ್ಟರ ಕಾಲದಲ್ಲಿ ಅದು ಮುಚ್ಚಿತು. 1958ರಲ್ಲಿ ಊರಿನ ಪಾದ್ರಿ 19 ಸಣ್ಣ ಬೆಳೆಗಾರರನ್ನು ಮತ್ತೆ ಒಟ್ಟು ಹಾಕಿದರು. ಮೊದಲ ಮೂರು ವರ್ಷ ವೈನ್ ಆಗಿದ್ದು ಚರ್ಚಿನ ನೆಲಮಾಳಿಗೆಯಲ್ಲಿ!

ಒಳ್ಳೆಯ ವರ್ಷ ಬಂದರೆ ಒಂಬತ್ತು ತೋಟಗಳ ವೈನನ್ನು ಬೇರೆ ಬೇರೆ ತುಂಬುತ್ತಾರೆ. ಲೇಬಲ್ ಮೇಲೆ ತೋಟದ ಹೆಸರೇ ಇರುತ್ತದೆ. ವರ್ಷ ಕೆಟ್ಟರೆ ಎಲ್ಲವನ್ನೂ ಬೆರೆಸಿ, ಊರಿನ ಹೆಸರಲ್ಲೇ ಬಾರ್ಬರೆಸ್ಕೊ ಅಂತ ಒಂದೇ ವೈನ್.

[ದೃಶ್ಯ: ಗ್ಲಾಸಿಗೆ ವೈನ್ ಸುರಿಯುವುದು.]

ಬಣ್ಣ ನೋಡಿ ಮೋಸ ಹೋಗಬೇಡಿ. ಪುನರ್ಪುಳಿ ಶರಬತ್ತಿನ ಹಾಗೆ ತೆಳು, ಆಚೆ ಹಿಡಿದ ಬೆರಳು ಕಾಣುತ್ತದೆ. ಮೂಗಿಗೆ ಗುಲಾಬಿ, ಚೆರ್ರಿ, ಹಿಂದೆ ಚೂರು ಡಾಂಬರು. ಹೌದು, ರಸ್ತೆಗೆ ಹಾಕುವ ಡಾಂಬರೇ. ಒಂದು ಗುಟುಕು ಕುಡಿದರೆ ಬರುತ್ತೆ ನೋಡಿ, ಒಗರು!

ಈ ಒಗರು ಕೊಡುವ ಟ್ಯಾನಿನ್ ಅಂದರೇನು ಅಂತ ವೈನ್ ಪುಸ್ತಕಗಳು ಪುಟಗಟ್ಟಲೆ ಬರೆಯುತ್ತವೆ. ಹಸಿ ಅಡಿಕೆ ಅಗಿದವರಿಗೆ, ಅಡಿಕೆ ಬೇಯಿಸಿದ ಚೊಗರು ಕಂಡವರಿಗೆ ಅಷ್ಟೆಲ್ಲ ಬೇಕಿಲ್ಲ. ಟ್ಯಾನಿನ್ ಹೋಗಿ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಬಾಯಿಯ ಜಾರಿಕೆ ಹೋಗಿ ಒಸಡು ಒಣಗಿದ ಹಾಗಾಗುತ್ತದೆ. ಗುಟುಕು ಗುಟುಕಿಗೂ ಇದು ಏರುತ್ತಾ ಹೋಗುತ್ತದೆ. ನಾನು ಎಡವಿದ್ದು ಇಲ್ಲೇ.

[ದೃಶ್ಯ: ಬೋರ್ಡಿನ ಮೇಲೆ ಅಂಕಗಳು.]

ಮೊದಲ ಸುತ್ತು, 20ಕ್ಕೆ. ಒಂದನೆಯದಕ್ಕೆ 17, ಎರಡನೆಯದಕ್ಕೆ 16.5, ಮೂರನೆಯದಕ್ಕೆ 13. 'ಒರಟು' ಅಂತ ಬೇರೆ ಬರೆದಿದ್ದೆ. ಯಾಕೋ ಅನುಮಾನ ಬಂತು. ಅರ್ಧ ಗಂಟೆ ಬಿಟ್ಟು, ಬ್ರೆಡ್ ತಿಂದು, ನೀರು ಕುಡಿದು, ಈ ಸಲ ಮೂರರಿಂದ ಶುರು ಮಾಡಿದೆ. ಮೂರನೆಯದಕ್ಕೆ 17! ಒಂದನೆಯದು 15ಕ್ಕೆ ಇಳಿಯಿತು. ಎರಡನೆಯದು ಎರಡೂ ಸಲ ನಡುವೆಯೇ ಇತ್ತು, ಅದರ ಅಂಕ ಅಲ್ಲಾಡಲಿಲ್ಲ.

ಕುಡಿದಿದ್ದು ಜಾಸ್ತಿ ಆಯ್ತು ಅಂತೀರಾ? ಇಲ್ಲ, ಪ್ರತಿ ಗುಟುಕನ್ನೂ ಬಕೆಟ್ಟಿಗೆ ಉಗಿದಿದ್ದೆ. ನೋಡೋಕೆ ಚಂದ ಅಲ್ಲ, ಆದರೆ ರುಚಿ ನೋಡುವುದೇ ಕಸುಬಾದವರು ಮಾಡುವುದೂ ಅದನ್ನೇ.

[ದೃಶ್ಯ: ಪೇಪರ್ ಬಿಚ್ಚುವುದು.]

ಒಂದು, ಪೋರಾ. ನದಿಯ ಕಡೆಯ ತೋಟ, ಮೆದು ಸ್ವಭಾವ. ಎರಡು, ಆಸಿಲಿ. ಅದರ ನಾಜೂಕಿಗೆ ಹೆಸರಾದ ತೋಟ. ಮೂರು, ಮೊಂತೆಸ್ತೆಫನೊ. ಬಾರ್ಬರೆಸ್ಕೊದಲ್ಲೇ ಗಟ್ಟಿ ಒಗರಿನದು. ಅದನ್ನು ಕೊನೆಗೆ, ದಣಿದ ಬಾಯಿಗೆ ಹಾಕಿ 13 ಕೊಟ್ಟಿದ್ದೆ!

ನೀವೂ ನೋಡುವುದಾದರೆ ಎರಡು ಸುತ್ತು ನೋಡಿ, ಎರಡನೆಯದು ಹಿಂದುಮುಂದಾಗಿ. ಸರಾಸರಿ ತೆಗೆಯಿರಿ. ನನ್ನ ಲೆಕ್ಕದಲ್ಲಿ ಆಸಿಲಿ ಮೊದಲು, ಪೋರಾ ಇವತ್ತೇ ಊಟದ ಜೊತೆ. ಮೊಂತೆಸ್ತೆಫನೊದ ಇನ್ನೊಂದು ಬಾಟಲಿ ಇದೆ, ಒಗರು ಇಳಿಯಲಿ ಅಂತ ಅದನ್ನು ಇನ್ನೂ ಐದು ವರ್ಷ ಮುಟ್ಟಲ್ಲ.